ಊದಿ ನೋಡಿ, ತೂಗಿ ನೋಡಿ, ಕೊಯ್ದು ನೋಡಿ

ಕಾರಿನ ಆಯಿಲ್ ಫಿಲ್ಟರ್ ಒಳಗೆ ಸಾಮಾನ್ಯವಾಗಿ ಎರಡು ವಾಲ್ವುಗಳಿರುತ್ತವೆ. ಎರಡೂ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ, ಎರಡೂ ಎಂಜಿನ್ನಿನ ಆಯಸ್ಸು ಕಾಯುತ್ತವೆ, ಎರಡರ ಬಗ್ಗೆಯೂ ನಿಮಗೆ ಏನೂ ಗೊತ್ತಿಲ್ಲ. ಮನೆಯಲ್ಲೇ ಅವುಗಳ ಗುಣಮಟ್ಟ ಪರೀಕ್ಷಿಸಲು ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕಿಲ್ಲ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ, ಹಳೆಯ ಬನಿಯನ್ ಹಾಕಿಕೊಂಡು ಶುರು ಮಾಡಿ. ಹಳೆಯ ಬನಿಯನ್ ಸಿಗದಿದ್ದರೆ ಹೊಸದನ್ನೇ ಹಾಕಿಕೊಳ್ಳಿ; ಮಧ್ಯಾಹ್ನದ ಹೊತ್ತಿಗೆ ಅದು ಹಳೆಯದಾಗಿರುತ್ತದೆ.

ಮೊದಲು ಸ್ವಲ್ಪ ತಿಳಿವಳಿಕೆ ಮಾಡಿಕೊಳ್ಳಿ. ಜಾಸ್ತಿ ಬೇಡ, ಜಾಸ್ತಿಯಾದರೆ ಪರೀಕ್ಷೆ ಮಾಡುವ ಧೈರ್ಯ ಹೋಗಿಬಿಡುತ್ತದೆ. ಫಿಲ್ಟರನ್ನು ಬಾಯಿ ಮೇಲೆ ಮಾಡಿ ಹಿಡಿಯಿರಿ. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತಲೂ ಸಣ್ಣ ತೂತುಗಳ ಸಾಲು. ಪಂಪು ತಳ್ಳಿದ ಎಣ್ಣೆ ಸಣ್ಣ ತೂತುಗಳಿಂದ ಒಳಹೊಕ್ಕು, ಮಡಿಕೆ ಮಡಿಕೆ ಕಾಗದದಲ್ಲಿ ಸೋಸಿಕೊಂಡು, ನಡುವಿನ ತೂತಿನಿಂದ ಹೊರಬಿದ್ದು ಬೇರಿಂಗುಗಳ ಕಡೆ ಹೊರಡುತ್ತದೆ. ಎಂಜಿನ್ ನಿಂತಾಗ ಈ ಎಣ್ಣೆ ಬಂದ ದಾರಿಯಲ್ಲೇ ಚೇಂಬರಿಗೆ ಇಳಿದುಹೋಗಬಾರದಲ್ಲ, ಅದಕ್ಕಾಗಿ ಸಣ್ಣ ತೂತುಗಳ ಹಿಂದೆ ಒಂದು ರಬ್ಬರ್ ಪರದೆ ಒತ್ತಿಕೊಂಡು ಕೂತಿರುತ್ತದೆ. ಇದು ಆಂಟಿ ಡ್ರೈನ್‌ಬ್ಯಾಕ್ ವಾಲ್ವು. ಇದು ಕೈಕೊಟ್ಟರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಖಾಲಿ ಫಿಲ್ಟರ್ ಮತ್ತೆ ತುಂಬುವವರೆಗೆ ಎಂಜಿನ್ ಒಣಗಿಕೊಂಡೇ ತಿರುಗುತ್ತದೆ.

ಎರಡನೆಯದು ಬೈಪಾಸ್ ವಾಲ್ವು. ಒಂದು ಬಿಲ್ಲೆ, ಅದರ ಹಿಂದೊಂದು ಸ್ಪ್ರಿಂಗು. ಕಾಗದ ಕೊಳೆಯಿಂದ ಕಟ್ಟಿಕೊಂಡಾಗ, ಅಥವಾ ಚಳಿಗೆ ಎಣ್ಣೆ ಗಟ್ಟಿಯಾಗಿ ಕಾಗದದಲ್ಲಿ ನುಗ್ಗಲಾಗದಿದ್ದಾಗ ಇದು ತೆರೆದುಕೊಂಡು ಸೋಸದ ಎಣ್ಣೆಯನ್ನೇ ಮುಂದಕ್ಕೆ ಬಿಡುತ್ತದೆ. ಕೊಳೆ ಎಣ್ಣೆಯಲ್ಲಿ ಎಂಜಿನ್ ನಿಧಾನವಾಗಿ ಸವೆಯುತ್ತದೆ; ಎಣ್ಣೆಯೇ ಇಲ್ಲದಿದ್ದರೆ ಅವತ್ತೇ ಜಾಮ್ ಆಗುತ್ತದೆ. ಎಂಜಿನ್ನಿಗೆ ತಕ್ಕಂತೆ ಸುಮಾರು 1 ಬಾರ್ ಆಸುಪಾಸಿನ ಒತ್ತಡದ ಅಂತರಕ್ಕೆ ಇದು ತೆರೆಯುವಂತೆ ಸ್ಪ್ರಿಂಗ್ ಕೂರಿಸಿರುತ್ತಾರೆ. ಈ ಅಂಕಿಯನ್ನು ಈಗಲೇ ಮರೆತುಬಿಡಿ. ಮುಂದಿನ ಪರೀಕ್ಷೆಗಳು ಸುಗಮವಾಗಿ ನಡೆಯಬೇಕಾದರೆ ಅದು ನೆನಪಿನಲ್ಲಿರಬಾರದು.

ಈಗ ಫಿಲ್ಟರ್ ತನ್ನಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ ಹೋಗಿ, ಬೇರೆ ಊರಾದರೆ ಬಸ್ ಸ್ಟ್ಯಾಂಡಿನ ಹಿಂದಿನ ಸ್ಪೇರ್ ಪಾರ್ಟ್ಸ್ ಅಂಗಡಿ ಸಾಕು. ಕಾರಿನ ಮಾಡೆಲ್, ವರ್ಷ, ಪೆಟ್ರೋಲೋ ಡೀಸೆಲ್ಲೋ ಎಂಬ ಚಿಲ್ಲರೆ ವಿವರಗಳನ್ನು ಹೇಳುತ್ತ ಕೂರಬೇಡಿ. ನೇರವಾಗಿ ಗುಣಮಟ್ಟದ ಮಾತಿಗೆ ಬನ್ನಿ.

“ಅಣ್ಣಾ, ಇದು ಒರಿಜಿನಲ್ಲಾ?”

“ನಿಮಗೆ ಒರಿಜಿನಲ್ ಬೇಕಾ ಸಾರ್, ಕಂಪನಿ ಒರಿಜಿನಲ್ ಬೇಕಾ?”

ತಬ್ಬಿಬ್ಬಾಗಬೇಡಿ. ಎರಡನೆಯದು ಅನ್ನಿ. ಅವರು ಅದೇ ಪೆಟ್ಟಿಗೆಯನ್ನು ಒಳಗೆ ಒಯ್ದು, ಧೂಳು ಒರೆಸಿ ತಂದುಕೊಡುತ್ತಾರೆ. ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರನ್ನು ಕಾರಿನ ಪುಸ್ತಕದ ಜೊತೆ ತಾಳೆ ನೋಡಬೇಡಿ. ಥ್ರೆಡ್ ಕೂತರೆ ಫಿಲ್ಟರ್ ಕೂತಂತೆ ಎಂಬುದು ನಿಮ್ಮ ಸಿದ್ಧಾಂತವಾಗಿರಲಿ. ಒಂದೇ ಥ್ರೆಡ್, ಒಂದೇ ಅಳತೆ ಇದ್ದೂ ಒಳಗಿನ ಬೈಪಾಸ್ ಸ್ಪ್ರಿಂಗ್ ಬೇರೆ ಬೇರೆ ಒತ್ತಡಕ್ಕೆ ಕೂರಿಸಿದ ಫಿಲ್ಟರುಗಳು ಅಂಗಡಿಯ ಅದೇ ಕಪಾಟಿನಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಅದು ತಯಾರಕರ ತಲೆನೋವು, ನಿಮ್ಮದಲ್ಲ.

ಮೂರು ಕೊಳ್ಳಿ. ಒಂದು ಕೊಯ್ಯುವುದಕ್ಕೆ. ಇನ್ನೊಂದು ಊದಿ, ಚುಚ್ಚಿ, ತುಂಬಿಸಿ ನೋಡುವುದಕ್ಕೆ. ಮೂರನೆಯದು ಪೆಟ್ಟಿಗೆಯಲ್ಲೇ ಇರಲಿ, ಅದರ ಉಪಯೋಗ ಆಮೇಲೆ ಹೇಳುತ್ತೇನೆ.

ಮನೆಗೆ ಬಂದು ತೂಕದಿಂದ ಆರಂಭಿಸಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಇದಕ್ಕೆ ಹೇಳಿ ಮಾಡಿಸಿದ್ದು. ಭಾರ ಇದ್ದಷ್ಟೂ ಒಳ್ಳೆಯದು ಎಂದು ಹಿರಿಯರು ಬಂಗಾರದ ಬಗ್ಗೆ ಹೇಳಿದ್ದನ್ನು ಫಿಲ್ಟರಿಗೂ ಅನ್ವಯಿಸಿ. ತೂಕದ ಬಹುಭಾಗ ಬರುವುದು ಹೊರಗಿನ ತಗಡು ಮತ್ತು ಬಾಯಿಯ ದಪ್ಪ ಪ್ಲೇಟಿನಿಂದ. ರಬ್ಬರ್ ಪರದೆ ಕೆಲವೇ ಗ್ರಾಂ. ಆ ಪರದೆಯನ್ನು ಕಂಪನಿಯವರು ಹಾಕುವುದನ್ನೇ ಮರೆತಿದ್ದರೂ ನಿಮ್ಮ ತಕ್ಕಡಿಗೆ ಗೊತ್ತಾಗುವುದಿಲ್ಲ. ಆದರೆ ಅಂಕಿ ಅಂಕಿಯೇ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೋಟ್‌ಬುಕ್ ಇದ್ದರೆ ಮನೆಯವರು ಅರ್ಧ ಪ್ರಶ್ನೆಗಳನ್ನು ಕೇಳುವುದಿಲ್ಲ.

ಮುಂದೆ ಊದಿ. ನಡುವಿನ ತೂತಿಗೆ ತುಟಿ ಇಟ್ಟು, ಕಣ್ಣು ಮುಚ್ಚಿ, ಶಕ್ತಿಮೀರಿ ಊದಿ. ಸಣ್ಣ ತೂತುಗಳಿಂದ ಗಾಳಿ ಬರದಿದ್ದರೆ “ರಬ್ಬರ್ ಪರದೆ ಒಳ್ಳೆಯದು” ಎಂದು ಬರೆಯಿರಿ. ಸ್ವಲ್ಪ ಬಂದರೆ “ಡೂಪ್ಲಿಕೇಟು” ಎಂದು ಬರೆಯಿರಿ. ಒಣಗಿದ ಹೊಸ ರಬ್ಬರಿನ ಅಂಚಿನಲ್ಲಿ ಗಾಳಿ ನುಸುಳಿದರೂ ಎಣ್ಣೆ ನಿಲ್ಲಬಹುದು, ಎಣ್ಣೆಯೇ ಆ ಅಂಚನ್ನು ಮುಚ್ಚಬಹುದು ಎಂದು ಯಾರಾದರೂ ಹೇಳಿದರೆ ಅವರಿಗೂ ಊದಲು ಕೊಡಿ, ಬಾಯಿ ಮುಚ್ಚುತ್ತದೆ.

ಇದೇ ಉಸಿರಿನಲ್ಲಿ ಬೈಪಾಸ್ ವಾಲ್ವನ್ನೂ ಪರೀಕ್ಷಿಸಿಬಿಡಿ. ಈ ಸಲ ಸಣ್ಣ ತೂತುಗಳ ಕಡೆಯಿಂದ. ಅಷ್ಟು ತೂತುಗಳನ್ನು ಒಟ್ಟಿಗೆ ಬಾಯಿಂದ ಮುಚ್ಚುವುದು ಕಷ್ಟ, ದವಡೆ ಅಗಲ ಮಾಡಿ. ಗಾಳಿ ಹೇಗೂ ಕಾಗದದ ಮೂಲಕ ಆರಾಮವಾಗಿ ದಾಟಿ ನಡುವಿನಿಂದ ಹೊರಬರುತ್ತದೆ. ಅದನ್ನೇ “ಬೈಪಾಸ್ ತೆರೆಯಿತು” ಎಂದು ದಾಖಲಿಸಿ. ಮನುಷ್ಯ ಎಷ್ಟು ಮುಖ ಕೆಂಪಗೆ ಮಾಡಿಕೊಂಡು ಊದಿದರೂ ಒತ್ತಡ ಒಂದು ಬಾರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಸ್ಪ್ರಿಂಗ್ ನಿಮ್ಮ ಉಸಿರಿಗೆ ಕದಲಿದರೆ ಅದು ಸ್ಪ್ರಿಂಗೇ ಅಲ್ಲ. 1 ಬಾರ್ ಎಂಬ ಅಂಕಿಯನ್ನು ಮರೆಯಿರಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಇದನ್ನೆಲ್ಲ ಅಳೆಯಲು ಪ್ರಯೋಗಾಲಯದವರು ಐಎಸ್‌ಒ 4548 ಎಂಬ ದೊಡ್ಡ ಸರಣಿಯನ್ನೇ ಮಾಡಿಕೊಂಡಿದ್ದಾರೆ. ಅದರ 2ನೇ ಭಾಗ ಬೈಪಾಸ್ ವಾಲ್ವಿಗೆ, 9ನೇ ಭಾಗ ಎಣ್ಣೆ ಹಿಂದಿಳಿಯದಂತೆ ತಡೆಯುವ ವಾಲ್ವುಗಳಿಗೆ, 12ನೇ ಭಾಗ ಸೋಸುವ ಶಕ್ತಿಗೆ. ಪಂಪು, ಮೀಟರು, ಹದವಾಗಿ ಕಾಯಿಸಿದ ಎಣ್ಣೆ, ಅಳತೆಯ ಧೂಳು ಎಲ್ಲ ಇಟ್ಟುಕೊಂಡು ಕೂರುತ್ತಾರೆ. ಅವರಿಗೆ ತಿಂಗಳಿಗೆ ಸಂಬಳ ಬರುತ್ತದೆ, ನಿಧಾನವಾಗಿ ಮಾಡಲಿ. ನಿಮಗೆ ಊಟದೊಳಗೆ ಮುಗಿಯಬೇಕು.

ರಬ್ಬರಿನ ಗುಣಮಟ್ಟಕ್ಕೆ ಬಣ್ಣ ನೋಡಿ. ಸಣ್ಣ ತೂತಿನಲ್ಲಿ ಟಾರ್ಚ್ ಬಿಟ್ಟು ಇಣುಕಿ. ಕೇಸರಿ ಅಥವಾ ಕೆಂಪಗಿದ್ದರೆ ಸಿಲಿಕೋನು, ಕಪ್ಪಗಿದ್ದರೆ ನೈಟ್ರೈಲು ಎಂದು ತೀರ್ಪು ಕೊಡಿ. ಬಹಳ ಸಲ ಈ ಊಹೆ ಸರಿಯೇ ಇರುತ್ತದೆ. ಆದ್ದರಿಂದಲೇ, ನೈಟ್ರೈಲಿಗೆ ಕೆಂಪು ಬಣ್ಣ ಬೆರೆಸಿದರೆ ಅದು ಕೆಂಪಗಾಗುತ್ತದೆ ಎಂಬ ಸಂಗತಿ ನಕಲಿ ತಯಾರಿಸುವವರಿಗೆ ತುಂಬ ಉಪಯೋಗವಾಗಿದೆ. ಬಣ್ಣದ ಮೇಲೆ ನಂಬಿಕೆ ಸಾಲದೆ ಹೋದರೆ ಮೆದುತನ ನೋಡಿ: ಸ್ಕ್ರೂಡ್ರೈವರ್ ತೂರಿಸಿ, ರಬ್ಬರನ್ನು ಜೋರಾಗಿ ಒತ್ತಿ, ಒಂದೆರಡು ಸಲ ಆ ಕಡೆ ಈ ಕಡೆ ಆಡಿಸಿ. ಮೆತ್ತಗಿದ್ದರೆ ಒಳ್ಳೆಯ ಮಾಲು. ಅಂಚು ಕಿತ್ತುಬಂದರೆ ಕೆಟ್ಟ ಮಾಲು. ಹೇಗೂ ಕಿತ್ತುಬರುವುದನ್ನು ಮೊದಲೇ ಕಿತ್ತು ನೋಡಿದ್ದು ಒಳ್ಳೆಯದಾಯಿತು ಎಂದುಕೊಳ್ಳಿ. 

ಈಗ ಮುಖ್ಯ ಘಟ್ಟ, ಸುರಿಯುವುದು. ಇಲ್ಲಿ ಅವಸರ ಮಾಡಬೇಡಿ, ತಪ್ಪು ಮಾಡಲು ಇಷ್ಟೊಂದು ದಾರಿಗಳಿರುವ ಪರೀಕ್ಷೆ ಇನ್ನೊಂದಿಲ್ಲ.

ಏನು ಸುರಿಯಬೇಕು ಎಂಬುದನ್ನು ಮೊದಲೇ ಬೇಕಾದ ಫಲಿತಾಂಶಕ್ಕೆ ತಕ್ಕಂತೆ ಆರಿಸಿ. ಫಿಲ್ಟರ್ ಫೇಲಾಗಬೇಕಾದರೆ ಸೀಮೆಎಣ್ಣೆ ಸುರಿಯಿರಿ. ಅದು ಬಿಸಿ ಎಂಜಿನ್ ಆಯಿಲಿಗಿಂತಲೂ ತೀರಾ ತೆಳು, ಒಳ್ಳೊಳ್ಳೆಯ ವಾಲ್ವಿನ ಅಂಚಿನಲ್ಲೂ ದಾರಿ ಹುಡುಕುತ್ತದೆ. ಫಿಲ್ಟರ್ ಪಾಸಾಗಬೇಕಾದರೆ ಕೊಬ್ಬರಿ ಎಣ್ಣೆ ಸುರಿದು, ಡಿಸೆಂಬರಿನ ರಾತ್ರಿ ಬಾಲ್ಕನಿಯಲ್ಲಿ ಬಿಡಿ. 24 ಡಿಗ್ರಿಯ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಓದುಗರಿಗೆ ಶೇಕಡಾ ನೂರು ಯಶಸ್ಸು ಖಾತ್ರಿ. ತಲೆಕೆಳಗೆ ಹಿಡಿದು ಕುಲುಕಿದರೂ ಒಂದು ಹನಿ ಬೀಳುವುದಿಲ್ಲ. ಮಂಗಳೂರಿನವರು ಫ್ರಿಜ್ಜಿನಲ್ಲಿ ಇಡಬೇಕಾಗಬಹುದು. ಆ ಮಾತನ್ನು ಮನೆಯಲ್ಲಿ ಹೇಗೆ ಹೇಳುವುದು ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಏನೂ ನಿರ್ಧಾರ ಮಾಡಿಲ್ಲ, ಸತ್ಯ ತಿಳಿಯಬೇಕು ಎನ್ನುವವರು ನಲ್ಲಿ ನೀರು ಬಳಸಿ. ಫಿಲ್ಟರನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿ, ಸಣ್ಣ ತೂತುಗಳ ಮೇಲೆ ಸುರಿಯಿರಿ. ನೀರು ಒಳಗಿಳಿದರೆ ವಾಲ್ವು ಸೋರುತ್ತಿದೆ ಎಂದು ಬರೆಯಿರಿ. ಇಳಿಯದೆ ಮೇಲೇ ನಿಂತರೆ ವಾಲ್ವು ಬ್ಲಾಕ್ ಆಗಿದೆ ಎಂದು ಬರೆಯಿರಿ. ಆ ತೂತುಗಳು ಒಳಹೋಗುವ ಬಾಗಿಲು, ಪರದೆ ಒಳಮುಖವಾಗಿ ತೆರೆಯುವುದೇ ಅದರ ಕೆಲಸ, ತಡೆಯಬೇಕಾದ್ದು ಹೊರಬರುವುದನ್ನು ಮಾತ್ರ ಎಂಬ ಯೋಚನೆ ಬಂದರೆ ಕಾಫಿ ಕುಡಿದು ಬನ್ನಿ, ಹೋಗುತ್ತದೆ.

ನಂತರ ತುಂಬಿದ ಫಿಲ್ಟರನ್ನು ಸ್ಟೀಲ್ ತಟ್ಟೆಯ ಮೇಲೆ ಬೋರಲು ಹಾಕಿ. ನಡುವಿನ ದೊಡ್ಡ ತೂತು ಬಾಯಿ ತೆರೆದೇ ಇರುವುದರಿಂದ ಎಲ್ಲವೂ ಅಲ್ಲಿಂದಲೇ ಸುರಿದುಬರುತ್ತದೆ. “ನೋಡಿದ್ರಾ!” ಎಂದು ಕೂಗಿ. ಅಕ್ಕಪಕ್ಕದವರಿಗೆ ಕೇಳಲಿ. ಒಳಗೆ ಎಂಜಿನ್ ಆಯಿಲನ್ನೇ ತುಂಬಿ, ನಡುವಿನ ತೂತಿಗೆ ಬಿಗಿಯಾಗಿ ಬೂಚು ಹಾಕಿ, ತಲೆಕೆಳಗು ಮಾಡಿ, ಸಣ್ಣ ತೂತುಗಳಿಂದ ಎಷ್ಟು ಹೊತ್ತಿಗೆ ಎಷ್ಟು ಹನಿ ಬೀಳುತ್ತದೆ ಎಂದು ನೋಡುವ ಒಂದು ವಿಧಾನ ಇದೆ. ಅದರಿಂದ ತಕ್ಕಮಟ್ಟಿಗೆ ಉತ್ತರ ಬಂದುಬಿಡುತ್ತದೆ. ಉತ್ತರ ಬಂದರೆ ಮುಂದಿನ ಭಾನುವಾರ ಏನು ಮಾಡುತ್ತೀರಿ? ಬೂಚು ಬೇಡ.

“ರೀ, ಆ ತಟ್ಟೇಲೇನ್ರೀ ಅದು?” ಎಂಬ ಪ್ರಶ್ನೆ ಈ ಹಂತದಲ್ಲಿ ಬರುತ್ತದೆ. ನೋಟ್‌ಬುಕ್ ತೋರಿಸಿ.

ಶಾಖದ ಪರೀಕ್ಷೆಗೆ ಬೋಂಡಾ ಕರಿಯುವ ಬಾಂಡ್ಲಿ ಬೇಕು. ಇದಕ್ಕೆ ಪರದೆ ಹೊರಗೆ ಬಂದಿರಬೇಕಾದ್ದರಿಂದ ಮೊದಲು ಒಂದು ಫಿಲ್ಟರ್ ಕೊಯ್ಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಹ್ಯಾಕ್ಸಾ ಬ್ಲೇಡು ತನ್ನಿ. ಬೆಂಚ್ ವೈಸ್ ಇಲ್ಲವೆಂದು ಚಿಂತೆ ಬೇಡ, ಎರಡು ಪಾದಗಳ ನಡುವೆ ಅದುಮಿ ಹಿಡಿದು ಗರಗಸ ಆಡಿಸಿ. ಟೆಟನಸ್ ಇಂಜೆಕ್ಷನ್ ಯಾವ ವರ್ಷ ತೆಗೆದುಕೊಂಡಿದ್ದು ಎಂಬುದು ನೆನಪಿದ್ದರೆ ಅನುಕೂಲ. ತಗಡಿನ ಪುಡಿ ಕಾಗದದ ಮಡಿಕೆಗಳ ತುಂಬ ಬೀಳುತ್ತದೆ. ಆಮೇಲೆ ಆ ಪುಡಿಯನ್ನೇ ತೋರಿಸಿ, “ಕಂಪನಿಯಿಂದಲೇ ಹೀಗೆ ಬಂದಿದೆ” ಎನ್ನಬಹುದು.

ಡಬ್ಬ ತೆರೆದ ಮೇಲೆ ಪರದೆ ಬಿಚ್ಚಿ ಕಾದ ಎಣ್ಣೆಗೆ ಹಾಕಿ, ಹತ್ತು ನಿಮಿಷ ಬಿಡಿ. ಕಾರಿನ ಎಣ್ಣೆ ಸಾಮಾನ್ಯವಾಗಿ 100 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಬೋಂಡಾ ಎಣ್ಣೆ 170 ದಾಟಿರುತ್ತದೆ. ಜಾಸ್ತಿ ಶಾಖವಾದರೆ ಜಾಸ್ತಿ ಕಠಿಣ ಪರೀಕ್ಷೆ ಎಂದು ಸಮಾಧಾನಪಡಿ. ನೈಟ್ರೈಲ್ ಗಟ್ಟಿಯಾಗುವುದು ತಿಂಗಳುಗಟ್ಟಲೆ ಬಿಸಿ ತಿಂದು. ಹತ್ತು ನಿಮಿಷದ ಕರಿಯುವಿಕೆ ಆ ತಿಂಗಳುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಮನೆ ತುಂಬ ವಾಸನೆ ಬಂದಾಗ ಕಿಟಕಿ ತೆರೆಯಿರಿ. ಬಾಂಡ್ಲಿ ತೊಳೆದಿಡಬೇಡಿ, ಎಸೆಯಿರಿ. ಈ ಲೇಖನದಲ್ಲಿ ನಾನು ಕೊಡುತ್ತಿರುವ ಒಂದೇ ಒಂದು ಸರಿಯಾದ ಸಲಹೆ ಇದು, ಗಮನದಲ್ಲಿರಲಿ.

ಕೊಯ್ದ ಡಬ್ಬದಲ್ಲಿ ಬೈಪಾಸ್ ವಾಲ್ವು ಸಿಗುತ್ತದೆ. ಹೆಬ್ಬೆರಳಿನಿಂದ ಒತ್ತಿ. ಒತ್ತಲು ಕಷ್ಟವಾದರೆ ಒಳ್ಳೆಯ ಸ್ಪ್ರಿಂಗು, ಸುಲಭವಾದರೆ ಚೀಪ್ ಸ್ಪ್ರಿಂಗು. ನಿಮ್ಮ ಹೆಬ್ಬೆರಳೇ ಇಲ್ಲಿ ಮಾನದಂಡ. ಕೆಲವು ಅತಿಬುದ್ಧಿವಂತರು ಆ ಭಾಗವನ್ನು ಅದೇ ಅಡುಗೆಮನೆ ತಕ್ಕಡಿಯ ಮೇಲಿಟ್ಟು, ಪೆನ್ಸಿಲಿನ ಹಿಂಬದಿಯಿಂದ ಬಿಲ್ಲೆಯನ್ನು ಮೆಲ್ಲಗೆ ಒತ್ತಿ, ಅದು ಕದಲುವ ಕ್ಷಣದಲ್ಲಿ ಎಷ್ಟು ತೂಕ ತೋರಿಸುತ್ತದೆ ಎಂದು ನೋಡುತ್ತಾರೆ. ಬಿಲ್ಲೆ ಒಂದೂವರೆ ಸೆಂಟಿಮೀಟರ್ ಅಗಲ ಇದ್ದು 1 ಬಾರಿಗೆ ತೆರೆಯಬೇಕಾದ್ದಾದರೆ ತಕ್ಕಡಿ ಸುಮಾರು 1.8 ಕೆಜಿ ತೋರಿಸಬೇಕು ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ಸರಿಯಿದೆ. ಆದರೆ ಇದರಲ್ಲಿ ವೃತ್ತದ ವಿಸ್ತೀರ್ಣದ ಸೂತ್ರ ಬರುತ್ತದೆ, ಏಳನೇ ಕ್ಲಾಸಿನಲ್ಲಿ ಬಿಟ್ಟದ್ದನ್ನು ಮತ್ತೆ ಹಿಡಿಯುವ ಅಗತ್ಯವಿಲ್ಲ.

ಡಬ್ಬದಲ್ಲಿ ಬೈಪಾಸ್ ವಾಲ್ವೇ ಕಾಣದಿದ್ದರೆ ಸಂಭ್ರಮಿಸಿ. ಕೆಲವು ಎಂಜಿನ್ನುಗಳಲ್ಲಿ ಆ ವಾಲ್ವನ್ನು ಬ್ಲಾಕಿನಲ್ಲೇ ಕೂರಿಸಿರುತ್ತಾರೆ, ಫಿಲ್ಟರಿನಲ್ಲಿ ಇರಬೇಕಾಗಿಯೇ ಇಲ್ಲ. ಇತ್ತೀಚಿನ ಹಲವು ಕಾರುಗಳಲ್ಲಂತೂ ಡಬ್ಬವೇ ಇಲ್ಲ, ಬರೀ ಕಾಗದದ ಕೊಳವೆ ಬದಲಿಸುತ್ತಾರೆ, ವಾಲ್ವು ಅದರ ಗೂಡಿನಲ್ಲಿರುತ್ತದೆ. ಬಾಯಿ ಮೇಲಾಗಿ ನೇತಾಡುವ ಫಿಲ್ಟರಿಗೆ ರಬ್ಬರ್ ಪರದೆಯೂ ಅಷ್ಟೊಂದು ಅನಿವಾರ್ಯವಲ್ಲ. ಇವು ಯಾವುದನ್ನೂ ತಿಳಿಯದೆ ಕೊಯ್ದ ಡಬ್ಬ ಹಿಡಿದು ಅಂಗಡಿಗೆ ಹೋಗಿ, “ಒಳಗೆ ವಾಲ್ವೇ ಇಲ್ಲ, ಮೋಸ” ಎಂದು ಗಲಾಟೆ ಮಾಡಿ. ಕೊಯ್ದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ. ಆಗ ಗ್ರಾಹಕರ ಆಯೋಗದ ಹೆಸರು ಎತ್ತಿ. ಒಂದು ಟೀ ಕೊಡಿಸುತ್ತಾರೆ.

ಪರೀಕ್ಷೆ ಮುಗಿಯಿತು. ಈಗ ಯಾವ ಫಿಲ್ಟರ್ ಹಾಕುವುದು? ಕೊಯ್ದದ್ದು ಅತ್ಯುತ್ತಮ ಎಂದು ಸಾಬೀತಾಗಿದೆ, ಆದರೆ ಎರಡು ತುಂಡಾಗಿದೆ. ಪೆಟ್ಟಿಗೆಯಲ್ಲಿರುವ ಮೂರನೆಯದು ಹೊಚ್ಚಹೊಸದು, ಆದರೆ ಅದನ್ನು ಯಾರೂ ಪರೀಕ್ಷಿಸಿಲ್ಲ. ಪರೀಕ್ಷೆಯಾಗದ ಫಿಲ್ಟರನ್ನು ಕಾರಿಗೆ ಹಾಕುವುದು ಬೇಜವಾಬ್ದಾರಿ. ಅದನ್ನು ಭಾವಮೈದನಿಗೆ ಕೊಟ್ಟುಬಿಡಿ. ನಿಮ್ಮ ಕಾರಿಗೆ ಊದಿದ, ಚುಚ್ಚಿದ, ನೀರು ಕುಡಿದ ಎರಡನೆಯದನ್ನೇ ಹಾಕಿ.

ಹಾಕುವ ಮೊದಲು ಒಣಗಿಸಿ. ಮಹಡಿಯ ಮೇಲೆ ಬಿಸಿಲಿಗೆ ಬಾಯಿ ತೆರೆದು ಇಡಿ, ಗಾಳಿಯ ಧೂಳು ಚೆನ್ನಾಗಿ ಆಡುವ ಜಾಗ ನೋಡಿ. ಮಡಿಕೆಗಳ ಒಳಗಿನ ನೀರು ಬೇಗ ಬಿಡುವುದಿಲ್ಲ. ಉಳಿದದ್ದನ್ನು ಎಂಜಿನ್ನೇ ಕುಡಿಯಲಿ. ಮುಂದೊಂದು ದಿನ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣ ತೋರಿಸಿದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ನಿಮ್ಮ ಮೇಲೆ ಪಡುವುದು ಬೇಡ. ಅಸಲಿಗೆ ಡಿಪ್‌ಸ್ಟಿಕ್ ಎಳೆದು ನೋಡುವುದು, 10,000 ಕಿ.ಮೀ. ಅಥವಾ ಒಂದು ವರ್ಷ ಎಂದು ಕಾರಿನ ಪುಸ್ತಕ ಹೇಳಿದ್ದರೆ ಅಷ್ಟಕ್ಕೆ ಸರಿಯಾಗಿ ಎಣ್ಣೆ ಬದಲಿಸುವುದು, ಬಿಲ್ ಕೊಡುವ ಅಂಗಡಿಯಲ್ಲಿ ನಂಬರ್ ನೋಡಿ ಕೊಳ್ಳುವುದು, ಇವೆಲ್ಲ ವಾಲ್ವಿನ ಬಗ್ಗೆ ಆಸಕ್ತಿಯಿಲ್ಲದ ಸಾಮಾನ್ಯ ಜನರ ಕೆಲಸ. ಅವರ ಎಂಜಿನ್ನುಗಳು ಸುಮ್ಮನೆ ಓಡುತ್ತಿರುತ್ತವೆ, ಅದರಲ್ಲಿ ಏನು ಸ್ವಾರಸ್ಯ.

ಕೂರಿಸುವಾಗ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೆ ಅಂಟಿಕೊಂಡಿದೆಯೇ ಎಂದು ನೋಡಬೇಡಿ. ಎರಡು ರಿಂಗ್ ಇದ್ದರೆ ಡಬಲ್ ಸೇಫ್ಟಿ ಎಂದುಕೊಳ್ಳಿ. ಎಂಜಿನ್ ಶುರುವಾದ ಮೇಲೆ ಎಣ್ಣೆ ಎಲ್ಲಿಂದ ಹೊರಬರುತ್ತಿದೆ ಎಂದು ಹುಡುಕುವ ಕಷ್ಟ ತಪ್ಪುತ್ತದೆ, ಎಲ್ಲ ಕಡೆಯಿಂದ ಬರುತ್ತದೆ. ರಿಂಗು ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಎಂದು ಬಹಳ ಫಿಲ್ಟರುಗಳ ಮೇಲೆ ಬರೆದಿರುತ್ತದೆ. ಪೈಪು ಸಿಗಿಸಿ ಎರಡು ಸುತ್ತು ಬಿಗಿ ಮಾಡಿ.

ಕೊನೆಯ ಪರೀಕ್ಷೆ ಮರುದಿನ ಬೆಳಗ್ಗೆ. ರಾತ್ರಿಯೆಲ್ಲ ನಿಂತ ಕಾರನ್ನು ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟು ತಕ್ಷಣ ಆರಿ, ಎಂಜಿನ್ ಮೊದಲ ಕ್ಷಣದಿಂದಲೇ ನುಣ್ಣಗೆ ತಿರುಗಿದರೆ ರಬ್ಬರ್ ಪರದೆ ಎಣ್ಣೆ ಹಿಡಿದಿಟ್ಟಿದೆ. ಲೈಟು ತಡವಾಗಿ ಆರಿ, ಅಲ್ಲಿಯವರೆಗೆ ಟಕಟಕ ಸದ್ದು ಬಂದರೆ ಅನುಮಾನಕ್ಕೆ ಎಡೆಯಿದೆ. ಖರ್ಚಿಲ್ಲ, ಗರಗಸವಿಲ್ಲ, ಮನೆಯಲ್ಲೇ ಆಗುತ್ತದೆ. ಇಷ್ಟು ಸುಲಭವಾದ್ದನ್ನು ಯಾವ ತಜ್ಞನೂ ಒಪ್ಪುವುದಿಲ್ಲ. ಆದ್ದರಿಂದ ಕೀ ತಿರುಗಿಸುವ ಮೊದಲು ಸ್ಟೀರಿಯೋ ಜೋರು ಮಾಡಿ.

ಕಾರು ನಿಂತ ಮೇಲೆ ಮೆಕ್ಯಾನಿಕ್‌ನನ್ನು ಕರೆಸಿ. ಅವನು ಕೆಳಗೆ ಬಗ್ಗಿ ನೋಡಿ, “ಏನ್ ಸಾರ್, ನೀವೇ ಹಾಕಿದ್ರಾ?” ಎನ್ನುತ್ತಾನೆ. “ಫಿಲ್ಟರ್ ಸರಿಯಿಲ್ಲ” ಎನ್ನಿ. ಅವನು ಚೀಲದಿಂದ ಹೊಸದೊಂದು ತೆಗೆದು, ನಂಬರ್ ಓದಿ, ರಿಂಗಿಗೆ ಬೆರಳಲ್ಲಿ ಒಂದಿಷ್ಟು ಎಣ್ಣೆ ಸವರಿ, ಕೈಯಲ್ಲೇ ತಿರುಗಿಸಿ ಕೂರಿಸುತ್ತಾನೆ. ಊದುವುದಿಲ್ಲ, ತೂಗುವುದಿಲ್ಲ. ಅವನ ಈ ನಿರ್ಲಕ್ಷ್ಯದ ಬಗ್ಗೆ ನಾಲ್ಕು ಮಾತು ಆಡಿ, ನೋಟ್‌ಬುಕ್ ತೆರೆದು ತೋರಿಸಿ. ಅವನು ತಲೆ ಆಡಿಸುತ್ತ, “ಎಂಜಿನ್ ಇಳಿಸ್ಬೇಕಾಗ್ಬೋದು ಸಾರ್” ಎನ್ನುತ್ತಾನೆ. ಇಳಿಸಲಿ. ಆದರೆ ಬಿಚ್ಚಿದ ಫಿಲ್ಟರನ್ನು ಗುಜರಿ ಡಬ್ಬಕ್ಕೆ ಎಸೆಯುವ ಮೊದಲು ಕೇಳಿ ಇಸ್ಕೊಳ್ಳಿ. ಹ್ಯಾಕ್ಸಾ ಬ್ಲೇಡು ಇನ್ನೊಂದು ಹಾಗೇ ಇದೆ.